ಖಾನಾವಳಿಯಲ್ಲಿ ಉಂಡು ಪಾಕಶಾಸ್ತ್ರ ಬರೆದವರು

ಡ್ರಾಯಿಂಗ್ ಸರ್ ತೀರಿಕೊಂಡು ತಿಂಗಳಾದ ಮೇಲೆ ಹಳೆಯ ವಿದ್ಯಾರ್ಥಿಗಳು ಕೆಲವರು ಮನೆಗೆ ಬಂದರು. "ಅಕ್ಕೋರ, ನೀವು ಅವರಿಗೆ ಭಾಳ ಬೇಕಾದವ್ರು. ಸ್ಮರಣ ಸಂಚಿಕೆಗೆ ಎರಡು ಪುಟ ಬರದ ಕೊಡ್ರಿ" ಎಂದರು. ಬರೆದು ಕೊಟ್ಟೆ. ಸರಳ ಜೀವಿ, ನಿಗರ್ವಿ, ಕಲೆಯ ಆರಾಧಕ, ಎಲ್ಲ ಹಾಕಿದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಓದಿದವರಿಗೆ ಅವರ ಮುಖ ಕಾಣುವುದಿಲ್ಲ, ನನ್ನದಂತೂ ಮೊದಲೇ ಇಲ್ಲ. ಆ ಎರಡು ಪುಟ ಸಂಚಿಕೆಯವರದು, ಇದು ನನ್ನದು. ಇಲ್ಲಿ ಮೊದಲಿಗೇ ಹೇಳಿಬಿಡುತ್ತೇನೆ: ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸಣ್ಣಪುಟ್ಟದ್ದಲ್ಲ. ಹಸುಗೂಸಿನ ಹಾಗೆ ಎತ್ತಿ ಆಡಿಸಿ ವರ್ಷಗಟ್ಟಲೆ ಸಾಕಿದ ಹೊಟ್ಟೆಕಿಚ್ಚು. ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ಎಪ್ಪತ್ತರ ದಶಕದ ನಡುವೆ ಎಲ್ಲೋ ಅವರು ಹಾನಗಲ್ಲಿನಿಂದ ವರ್ಗವಾಗಿ ನಮ್ಮ ಹಿರೇಕೆರೂರಿನ ಹೈಸ್ಕೂಲಿಗೆ ಬಂದರು. ನಾನು ಆಗಲೇ ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಸಪೂರ ಆಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಬಣ್ಣ, ಕಿವಿಯ ಮೇಲೆ ಪೆನ್ಸಿಲ್ಲು. ಏನನ್ನೇ ನೋಡಲಿ, ಆ ಪೆನ್ಸಿಲ್ಲು ತೆಗೆದು ಕೈ ಉದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೇಲೆ ಕೆಳಗೆ ಸರಿಸುತ್ತ ಅಳೆಯುವುದು ಅವರ ಚಟ. ಹೂಜಿಯನ್ನು ಅಳೆದರೆ ಸರಿ, ಅದು ಕಸುಬು. ತಡವಾಗಿ ಬಂದದ್ದಕ್ಕೆ ಹೆಡ್‌ಮಾಸ್ತರರು ಬೈಯುತ್ತ ನಿಂತಾಗಲೂ ಹಾಗೇ ಅಳೆದು, "ಸರ್, ನಿಮ್ಮ ಮಾರಿ ಬರಿಯಾಕ ಭಾಳ ಚಲೋ ಐತ್ರಿ. ಹಣಿ ಅಗಲ ಐತಿ" ಎಂದರಂತೆ. ಬೈಗುಳ ಅಲ್ಲಿಗೇ ನಿಂತಿತು. ನಾನು ಅಂಥ ಮಾತಾಡಿದ್ದರೆ ಮೆಮೋ ಬರುತ್ತಿತ್ತು. ಅವರಿಗೆ ಚಹಾ ಬಂತು.

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪೀರಿಯಡ್ಡಿನ ಗತಿ ಏನೆಂದು ಮಾಸ್ತರಿಕೆ ಮಾಡಿದವರಿಗೆ ಗೊತ್ತು. ಅದು ಊರ ಗಾಯರಾಣ ಇದ್ದಂತೆ, ಯಾರ ದನ ಬೇಕಾದರೂ ಮೇಯಬಹುದು. ಗಣಿತದವರು, ವಿಜ್ಞಾನದವರು, ನಾನು, ಪೋರ್ಷನ್ ಉಳಿದವರೆಲ್ಲ ಅವರ ಮುಂದೆ ಹೋಗಿ ನಿಲ್ಲುತ್ತಿದ್ದೆವು.

"ಸರ್, ಇವತ್ತ ನಿಮ್ಮ ಪೀರಿಯಡ್ ನನಗ ಕೊಡ್ರಿ. ಸಮಾಸ ಉಳದಾವು."

"ತಗೋರ್ರಿ ಅಕ್ಕೋರ. ಬದನಿಕಾಯಿ ಎಲ್ಲಿಗೆ ಹೋಗ್ತೈತಿ, ನಾಳೆ ಬರಸ್ತೇನಿ."

ಎಷ್ಟು ಒಳ್ಳೆಯವರು ಎಂದುಕೊಳ್ಳುತ್ತಿದ್ದೆ. ಅವರು ತಮ್ಮ ಡ್ರಾಯಿಂಗ್ ಹಾಲಿಗೆ ಹೋಗಿ, ಮೂಗು ಮುರಿದ ಪ್ಲಾಸ್ಟರಿನ ಬೊಂಬೆಗಳ ನಡುವೆ ಕೂತು ಪುಸ್ತಕ ತೆರೆಯುತ್ತಿದ್ದರೆಂಬುದು ನನಗೆ ತಡವಾಗಿ ತಿಳಿಯಿತು. ಬರುವಾಗ ಬರೀ ಡ್ರಾಯಿಂಗ್ ಡಿಪ್ಲೊಮಾ ಇದ್ದವರು. ನಾನು ತತ್ಪುರುಷ, ಬಹುವ್ರೀಹಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ತಾಸುಗಳಲ್ಲಿ ಆ ಮನುಷ್ಯ ಮನೆಯಲ್ಲೇ ಓದುವವರ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದರು, ಇತಿಹಾಸದಲ್ಲಿ ಎಂ.ಎ. ಮುಗಿಸಿದರು. ಅವರ ಪದವಿಗಳಿಗೆ ನನ್ನ ಸಮಾಸದ ಕಾಣಿಕೆ ದೊಡ್ಡದು.

ಹಾಗೆಂದು ಕಲಿಸುವುದರಲ್ಲಿ ಕಳ್ಳತನವಿರಲಿಲ್ಲ. ಇದ್ದಿದ್ದರೆ ನನಗೆ ಬೈಯಲಿಕ್ಕಾದರೂ ಅನುಕೂಲವಾಗುತ್ತಿತ್ತು. ಉಳಿದ ತಾಸುಗಳಲ್ಲೇ ಮಕ್ಕಳನ್ನು ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗೆ ಹದಗೊಳಿಸುತ್ತಿದ್ದರು. ಡಿಸೈನ್ ಕಲಿಸುವಾಗ ಮಕ್ಕಳಿಗೆ ಮನೆಯ ಅಡುಗೆಕೋಣೆಯಿಂದ ಸಾಮಾನು ತರಲು ಹೇಳುತ್ತಿದ್ದರು. ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು, ಮೆಣಸಿನಕಾಯಿ ಸಾಲಾಗಿ ಬರೆದರೆ ಸೀರೆಯ ಅಂಚು. ವಸ್ತುಚಿತ್ರಕ್ಕೆ ಮೇಜಿನ ಮೇಲಿಟ್ಟ ಬದನೆಕಾಯಿ ಮರುದಿನ ಖಾನಾವಳಿಯಲ್ಲಿ ಎಣ್ಣೆಗಾಯಿ ಆಗುತ್ತಿತ್ತು.

ಖಾನಾವಳಿಯ ವಿಷಯ ಹೇಳಲೇಬೇಕು. ಅವರ ಹೆಂಡತಿ ಸವಣೂರಿನ ದವಾಖಾನೆಯಲ್ಲಿ ನರ್ಸು. ಆಕೆಗೆ ಇತ್ತ ವರ್ಗವಾಗಲಿಲ್ಲ, ಇವರಿಗೆ ಅತ್ತ ಆಗಲಿಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದರು, ಸ್ಟಾಫ್ ರೂಮಿಗೆ ಸವಣೂರ ಖಾರ ಎಂಬ ಕರಿದ ತಿನಿಸಿನ ಪೊಟ್ಟಣ ಹಿಡಿದುಕೊಂಡು. ಉಳಿದ ದಿನ ಎರಡು ಹೊತ್ತೂ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಊಟ. ಒಲೆ ಹಚ್ಚಿ ಗೊತ್ತಿಲ್ಲ. ಒಮ್ಮೆ ಚಹಾ ಮಾಡುವ ಸಾಲೆಯ ಸಿಪಾಯಿ ರಜೆ ಹಾಕಿದಾಗ ಸ್ಟಾಫ್ ರೂಮಿನ ಸ್ಟೋವಿನ ಮುಂದೆ ಕೂತು, "ಅಕ್ಕೋರ, ಚಹಾಪುಡಿ ಮೊದಲೋ ಹಾಲು ಮೊದಲೋ?" ಎಂದು ನನ್ನನ್ನೇ ಕೇಳಿದ್ದರು.

ಅಂಥವರು ಒಂದು ಸೋಮವಾರ ಖಾರದ ಪೊಟ್ಟಣ ಬಿಚ್ಚುತ್ತ ಎಲ್ಲರ ಮುಂದೆ ಹೇಳಿದರು, "ನಾ ಪಿಎಚ್.ಡಿ.ಗೆ ಹೆಸರು ಹಚ್ಚೇನ್ರಿ."

ಹಾನಗಲ್ಲಿನ ಗುಡಿಯ ಕಂಬಗಳ ಮೇಲೆ ಇರಬೇಕು ಎಂದುಕೊಂಡೆ. ಡ್ರಾಯಿಂಗಿನವರು ಮತ್ತೇನು ಮಾಡುತ್ತಾರೆ?

"ಯಾವ ವಿಷಯರಿ?" ಎಂದೆ.

"ಅಡಿಗಿ ಪುಸ್ತಕದ ಇತಿಹಾಸರಿ. ಅಚ್ಚಾದ ಪಾಕಶಾಸ್ತ್ರದ ಪುಸ್ತಕ ಅದಾವಲ್ಲ, ಅವು ಯಾವಾಗಿಂದ ಬಂದ್ವು, ಯಾರು ಬರದ್ರು, ಯಾರ ಸಲುವಾಗಿ ಬರದ್ರು, ಚಿತ್ರ ಯಾರು ತಗದ್ರು… ಯುನಿವರ್ಸಿಟಿಯವ್ರು ಭಾಳ ಖುಷಿ ಆದ್ರು. ಹೊಸಾ ವಿಷಯ ಅಂದ್ರು."

ಗಣಿತದ ಮಾಸ್ತರರು ಬಾಯಲ್ಲಿದ್ದ ಖಾರ ಉಗುಳುವಷ್ಟು ನಕ್ಕರು. "ಅಂದ್ರ ಉಪ್ಪಿಟ್ಟಿನ ಡಾಕ್ಟರ್ ಆಗವ್ರೇನ್ರಿ?" ಎಲ್ಲರೂ ನಕ್ಕರು, ಅವರೂ ನಕ್ಕರು. ನಾನು ನಗಲಿಲ್ಲ.

ಯಾಕೆಂದರೆ ಆ ವಿಷಯ ನನ್ನದು. ಎಂ.ಎ.ಯಲ್ಲಿ ಫಸ್ಟ್ ಕ್ಲಾಸ್ ಬಂದ ಹುರುಪಿನಲ್ಲಿ, ಈ ನೌಕರಿಗೆ ಸೇರುವ ಮೊದಲು, ನಾನು ಅದೇ ಯುನಿವರ್ಸಿಟಿಯ ಕನ್ನಡ ವಿಭಾಗಕ್ಕೆ ಹೋಗಿ ಅದನ್ನೇ ಕೇಳಿದ್ದೆ. ಹಳಗನ್ನಡ ಕಾವ್ಯದ ಊಟದ ವರ್ಣನೆಯಿಂದ ಅಚ್ಚಾದ ಪಾಕಶಾಸ್ತ್ರದವರೆಗೆ ಎಂದು ಒಂದು ಹಾಳೆಯ ತುಂಬ ಬರೆದುಕೊಂಡು ಹೋಗಿದ್ದೆ. ಗೈಡ್ ಆಗಬೇಕಾದವರು ಹಾಳೆಯನ್ನು ಪೂರ್ತಿ ಓದಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ತಂದೆಯಂಥ ದನಿಯಲ್ಲಿ, "ಹೆಣ್ಣಮಗಳು ಅಡಿಗಿ ಮ್ಯಾಲೆ ಪ್ರಬಂಧ ಬರದ್ರ ಮಂದಿ ನಗ್ತಾರವ್ವ. ಮನಿಯಾಗ ಮಾಡೂದನ್ನ ಇಲ್ಲೂ ಮಾಡ್ತಿಯೇನು? ಗಂಭೀರ ವಿಷಯ ತಗೋ" ಎಂದರು. ಛಂದಸ್ಸು ಕೊಟ್ಟರು. ಲಘು ಗುರು ಎಣಿಸುತ್ತ ಒಂದೆರಡು ವರ್ಷ ಕಳೆದೆ. ಲಗ್ನವಾಯಿತು, ನೌಕರಿಯಾಯಿತು, ಎರಡು ಮಕ್ಕಳಾದವು. ಛಂದಸ್ಸನ್ನು ನಾನು ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ಅದು ತಾನಾಗಿ ಕೈಬಿಟ್ಟು ಹೋಯಿತು, ನನಗೆ ಗೊತ್ತಾದದ್ದೂ ತಡವಾಗಿ.

ಈಗ ಹೇಳಿ. ಬೆಳಿಗ್ಗೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಸಾಲೆಗೆ ಓಡಿ, ಸಂಜೆ ಬಂದು ಮತ್ತೆ ಹಂಚು ಕಾಯಿಸುವವಳು ಕೇಳಿದರೆ ಅಡುಗೆ ಗಂಭೀರ ವಿಷಯವಲ್ಲ. ಖಾನಾವಳಿಯಲ್ಲಿ ತಟ್ಟೆಯ ಮುಂದೆ ಕೂತು "ಇನ್ನೊಂದು ರೊಟ್ಟಿ ಹಾಕ್ರಿ" ಎನ್ನುವವರು ಕೇಳಿದರೆ ಅದು ಹೊಸ ವಿಷಯ. ಸ್ವಾರಸ್ಯವೆಲ್ಲ ಮೀಸೆ ಇದ್ದವರಿಗೇ ಕಾಣುತ್ತದೆ ಅನ್ನಿ. ಈ ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಮರುಗುತ್ತಿದ್ದರು. ಅವರ ಮರುಕ ನನಗೆ ಬೇಕಿರಲಿಲ್ಲ, ಅವರ ವಿಷಯ ಬೇಕಾಗಿತ್ತು.

ಆಮೇಲಿನ ವರ್ಷಗಳಲ್ಲಿ ಅವರ ಹುಡುಕಾಟದ ಕತೆಗಳನ್ನು ಸ್ಟಾಫ್ ರೂಮಿನಲ್ಲಿ ಕೂತು ಕೇಳುವುದೇ ನನ್ನ ಪಾಲಿಗೆ ಬಂದ ಸಂಶೋಧನೆ. ಶಿಗ್ಗಾಂವಿಯ ಸಂತೆಯಲ್ಲಿ ರದ್ದಿ ಮಾರುವವನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗಂಟು ಬಿಚ್ಚುವುದು, ಚುರುಮುರಿ ಕಟ್ಟಿಕೊಟ್ಟ ಹಾಳೆಯನ್ನು ನೋಡಿ ಅಂಗಡಿಗೆ ತಿರುಗಿ ಓಡುವುದು. ಒಮ್ಮೆ ಹತ್ತಿಮತ್ತೂರಿನ ಒಂದು ವ್ಯಾಪಾರಸ್ಥರ ಮನೆಗೆ ಹೋಗಿ, "ಇಲ್ಲಿ ಅಡಿಗಿ ಪುಸ್ತಕ ಅದಾವಂತ ಕೇಳಿ ಬಂದೇನ್ರಿ" ಎಂದರಂತೆ. ಮನೆಯ ಯಜಮಾನರು ಇವರನ್ನು ಮೇಲಿಂದ ಕೆಳಗೆ ನೋಡಿ, ಲಗ್ನದ ಅಡುಗೆ ಹಿಡಿಯಲು ಬಂದವನೆಂದು ತಿಳಿದು, "ಮಗಳ ಲಗ್ನ ಇನ್ನೂ ಕೂಡಿಲ್ಲಪಾ. ಕೂಡಿದ ಮ್ಯಾಲೆ ಹೇಳಿ ಕಳಸ್ತೇವಿ. ಎಷ್ಟು ಮಂದಿಗೆ ಮಾಡ್ತಿ?" ಎಂದರು. ಇವರು ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಇವರು, "ಮಂದಿ ಎಷ್ಟರೆ ಬರ್ಲಿ, ನನಗ ಮಾಡಾಕ ಬರೂದಿಲ್ರಿ" ಎಂದು ಕಟ್ಟೆಯ ಮೇಲೆ ಕೂತರು. ನಗೆಯಾಯಿತು, ಊಟವಾಯಿತು, ಅಟ್ಟದ ಮೇಲಿಂದ ಪುಸ್ತಕವೂ ಇಳಿಯಿತು. ಹೀಗೆ ಬಾಗಿಲು ತೆರೆಸಿಕೊಳ್ಳುವುದು ಒಂದು ಗುಣ. ನಾನು ಹೋಗಿದ್ದರೆ, "ಯಾರ ಮನಿ ಸೊಸಿಯವಾ ನೀ, ಒಬ್ಬಾಕಿನ ಯಾಕ ಬಂದಿ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಚಿತ್ರದೊಳಗಿನ ಒಬ್ಬ ಹೆಂಗಸಿನ ಕೈಯ ಸಂಗತಿ.

ಒಂದು ದಿನ ಅವರು ಏದುಸಿರು ಬಿಡುತ್ತ ಬಂದು ನನ್ನ ಮೇಜಿನ ಮೇಲೆ ಮೂರು ಹಳೆಯ ಪಾಕಶಾಸ್ತ್ರದ ಪುಸ್ತಕ ತೆರೆದಿಟ್ಟರು. ಮೂರಕ್ಕೂ ಮುಖಪುಟವಿಲ್ಲ, ಅಚ್ಚಾದ ವರ್ಷವಿಲ್ಲ. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ತಿಳಿಯದೆ ಅವರ ಪ್ರಬಂಧ ತಿಂಗಳುಗಟ್ಟಲೆ ನಿಂತಿತ್ತು. ಮೂರರಲ್ಲೂ ಒಳಗೆ ಒಂದೇ ಚಿತ್ರ: ಒಲೆಯ ಮುಂದೆ ಕೂತು ಸೌಟು ತಿರುವುವ ಹೆಂಗಸು.

"ಅಕ್ಕೋರ, ಈಕಿ ಯಾವ ಕೈಲೆ ತಿರುವಾಕತ್ತಾಳ ನೋಡ್ರಿ."

ನೋಡಿದೆ. ಮೊದಲನೆಯದರಲ್ಲಿ ಬಲಗೈ. ಎರಡನೆಯದರಲ್ಲಿ ಎಡಗೈ, ಸೆರಗು ಕೂಡ ಆಚೆಯ ಹೆಗಲಿಗೆ. ಮೂರನೆಯದರಲ್ಲಿ ಮತ್ತೆ ಬಲಗೈ, ಆದರೆ ಮೂಗುತಿ ಮಾಯ, ಒಲೆಯ ಗುಂಡುಗಳಲ್ಲಿ ಒಂದು ಅಳಿಸಿಹೋಗಿದೆ.

"ಮುಂಜಾನೆ ಎಂಟನೇ ಕ್ಲಾಸಿನ ಹುಡುಗ್ರಿಗೆ ಬಟಾಟಿ ಅಚ್ಚು ಕೆತ್ತಾಕ ಹಚ್ಚಿದ್ದೆ. ಮಾಸೂರಿಂದ ಬರ್ತಾಳಲ್ಲ, ಆ ಹುಡುಗಿ ತನ್ನ ಹೆಸರು ಸೀದಾ ಕೆತ್ತಿ ಒತ್ತಿದ್ಲು. ಉಲ್ಟಾ ಬಂತು. ಅಳಾಕತ್ಲು. ನಾ ಆಕಿನ್ನ ಸಮಾಧಾನ ಮಾಡೂದ ಬಿಟ್ಟು ಈ ಪುಸ್ತಕದ ಕಡೆ ಓಡಿದೆ ನೋಡ್ರಿ!"

ಆಮೇಲೆ ಬಿಡಿಸಿ ಹೇಳಿದರು. ಆ ಕಾಲದಲ್ಲಿ ಚಿತ್ರವನ್ನು ಮರದ ಬ್ಲಾಕಿನಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದರು. ಒಂದು ಪುಸ್ತಕದ ಚಿತ್ರವನ್ನು ಇನ್ನೊಬ್ಬ ಕದ್ದು, ಕಂಡ ಹಾಗೇ ಕೆತ್ತಿದರೆ ಅಚ್ಚಿನಲ್ಲಿ ಅದು ತಿರುಗಿ ಬೀಳುತ್ತದೆ, ಬಲಗೈಯವಳು ಎಡಗೈಯವಳಾಗುತ್ತಾಳೆ. ಅದನ್ನು ಮೂರನೆಯವನು ಕದ್ದರೆ ಮತ್ತೆ ಬಲಗೈ, ಆದರೆ ಸಣ್ಣ ಗೆರೆಗಳು ಸವೆದಿರುತ್ತವೆ. ವರ್ಷವಿಲ್ಲದ ಪುಸ್ತಕಗಳು ಆ ಹೆಂಗಸಿನ ಕೈ ಹಿಡಿದು ತಾವಾಗಿ ಸಾಲಿಗೆ ನಿಂತುಬಿಟ್ಟಿದ್ದವು.

"ಎಡಗೈಲೆ ಅಡಿಗಿ ಮಾಡಾಕಿನ್ನ ನಮ್ಮ ಮಂದಿ ಸುಮ್ನ ಬಿಡ್ತಾರೇನ್ರಿ? ಆದ್ರ ಚಿತ್ರದಾಗ ಯಾರೂ ನೋಡಿಲ್ಲ. ಇಷ್ಟು ವರ್ಷ ಯಾರೂ ನೋಡೇ ಇಲ್ಲ!"

ಆ ಮೂರರಲ್ಲಿ ಎರಡನೆಯ ಪುಸ್ತಕವನ್ನು ನಾನು ಎಂ.ಎ. ಓದುವಾಗಲೇ ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಅಕ್ಷರ ಅಕ್ಷರ ಓದಿದ್ದೆ. ಆ ಎಡಗೈ ನನ್ನ ಕಣ್ಣೆದುರು ಇಷ್ಟಗಲ ಇತ್ತು, ನಾನು ಚಿತ್ರವೆಂದು ಪುಟ ಮಗುಚಿದ್ದೆ. "ಚಲೋ ಐತ್ರಿ" ಎಂದು ಪುಸ್ತಕಗಳನ್ನು ಅವರತ್ತ ಸರಿಸಿ ತರಗತಿಗೆ ಹೋದೆ. ಅಂದು ನನ್ನ ಕೈಗೆ ಸಿಕ್ಕ ಮಕ್ಕಳ ಗತಿ ಕೇಳಬೇಡಿ.

ಬರೆದದ್ದನ್ನು ತಿದ್ದಿಸಿಕೊಳ್ಳಲು ಅವರು ನನ್ನ ಹತ್ತಿರವೇ ಬರುತ್ತಿದ್ದರು. ಅವರ ಕಾಗುಣಿತ ದೇವರಿಗೇ ಪ್ರೀತಿ. ಸಂಜೆ ಅಧ್ಯಾಯದ ಹಾಳೆಗಳನ್ನು ಹಿಡಿದು ಮನೆಗೆ ಬಂದರೆ ನಾನು ಚಹಾ ಕೊಟ್ಟು ಒತ್ತಕ್ಷರ ಹಾಕುತ್ತ ಕೂಡುತ್ತಿದ್ದೆ. ಅವರು ಅಡುಗೆಕೋಣೆಯ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತು ನಮ್ಮ ಅತ್ತೆಯನ್ನು ಮಾತಿಗೆಳೆಯುತ್ತಿದ್ದರು.

"ಯವ್ವಾ, ಮಾದಲಿಗೆ ಪುಸ್ತಕದಾಗ ಹಿಂಗೈತಿ. ನೀವು ಹೆಂಗ ಮಾಡ್ತೀರಿ?"

ನಮ್ಮ ಅತ್ತೆ ಎಂಥವರೆಂದರೆ, ನನ್ನ ಕೈಯಲ್ಲಿ ಪುಸ್ತಕ ಕಂಡರೆ ಅವರಿಗೆ ಒಲೆ ಆರಿದ ವಾಸನೆ ಬರುತ್ತಿತ್ತು. ಆದರೆ ಈ ಪರಗಂಡಸಿನ ಮುಂದೆ ಮಾದಲಿಯಿಂದ ಹಿಡಿದು ಗುರೆಳ್ಳು ಚಟ್ನಿಯವರೆಗೆ ಬಾಯಿ ತುಂಬ ಹೇಳಿದರು. "ಪುಸ್ತಕಾ ನೋಡಿ ಮಾಡೂದಾದ್ರ ಕೈ ಯಾಕ ಬೇಕೋ ತಮ್ಮಾ?" ಎಂದು ನಕ್ಕರು. ಆ ಮಾತು ಅವರ ಪ್ರಬಂಧದ ಒಂದು ಅಧ್ಯಾಯದ ನೆತ್ತಿಯ ಮೇಲೆ ಹೋಗಿ ಕೂತಿತು. ನನ್ನ ಅಡುಗೆಮನೆ, ನನ್ನ ಅತ್ತೆ, ನನ್ನ ಒತ್ತಕ್ಷರ, ಅವರ ಅಧ್ಯಾಯ. ಅವರು ಹೋದ ಮೇಲೆ ಅತ್ತೆ, "ಎಷ್ಟು ಶಾಣ್ಯಾ ಮನಷ್ಯಾ ಅದಾನ! ಅವನ ಕಡಿಂದ ನೀನೂ ಒಂದೀಟು ಕಲಿ" ಎಂದರು. ಕಟ್ಟಿಗೆ ತರುವ ನೆವ ಹೇಳಿ ಹಿತ್ತಲಿಗೆ ಹೋಗಿ ನಿಂತೆ. ತುಸು ಹೊತ್ತು ಬೇಕಾಯಿತು ಒಳಗೆ ಬರಲು.

ಎಂಬತ್ತರ ದಶಕದ ಕೊನೆಗೆ ಅವರ ಮೌಖಿಕ ಪರೀಕ್ಷೆ ಬಂತು. ಅದು ಎಲ್ಲರೂ ಕೂತು ನೋಡಬಹುದಾದ ಪರೀಕ್ಷೆ. ಸಾಲೆಯಿಂದ ನಾಲ್ಕಾರು ಮಂದಿ ಬಸ್ಸು ಹತ್ತಿ ಹೋದೆವು. ಸಭಾಂಗಣದ ಮುಂದಿನ ಸಾಲಿನಲ್ಲಿ ನನ್ನ ಹಳೆಯ ಗೈಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಮಸ್ಕಾರ ಮಾಡಿದೆ, ಅವರಿಗೆ ಗುರುತು ಹತ್ತಲಿಲ್ಲ.

ಡ್ರಾಯಿಂಗ್ ಸರ್ ಆ ಮೂರು ಹೆಂಗಸರನ್ನು ದೊಡ್ಡದಾಗಿ ಬರೆದು ಗೋಡೆಗೆ ತೂಗಹಾಕಿದ್ದರು. ಕೈಯ ಕತೆ ಹೇಳಿದಾಗ ಸಭೆಗೆ ಸಭೆಯೇ ತಲೆದೂಗಿತು. ಆಮೇಲೆ ಮೈಸೂರು ಕಡೆಯಿಂದ ಬಂದಿದ್ದ ಪರೀಕ್ಷಕರು ಒಂದು ಪ್ರಶ್ನೆ ಹಾಕಿದರು.

"ಈ ಪುಸ್ತಕಗಳಲ್ಲೆಲ್ಲ 'ಹದ ನೋಡಿ ಇಳಿಸಬೇಕು' ಅಂತ ಬರುತ್ತೆ. ಏನದು ಹದ? ಪುಸ್ತಕ ಇಟ್ಟುಕೊಂಡು ಅಡುಗೆ ಕಲಿಯೋ ಹುಡುಗಿಗೆ ಅದು ಹೇಗೆ ತಿಳಿಯುತ್ತೆ? ನಿಮ್ಮ ಪ್ರಬಂಧದಲ್ಲಿ ಅದರ ಮಾತೇ ಇಲ್ವಲ್ಲ?"

ಡ್ರಾಯಿಂಗ್ ಸರ್, "ಗೊತ್ತಿಲ್ರಿ ಸರ್. ನಾ ಖಾನಾವಳಿಯಾಗ ಉಣ್ಣಾಂವ" ಎಂದರು.

ಛಾವಣಿ ಹಾರುವಂಥ ನಗು. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ನನ್ನ ಹಳೆಯ ಗೈಡು ಕಣ್ಣೊರೆಸಿಕೊಳ್ಳುತ್ತ, "ಪ್ರಾಮಾಣಿಕ ಮನುಷ್ಯಾರಿ, ಭಾಳ ಪ್ರಾಮಾಣಿಕ" ಎಂದು ಪಕ್ಕದವರಿಗೆ ಹೇಳುವುದು ನನಗೆ ಕೇಳಿಸಿತು.

ನನಗೆ ಗೊತ್ತಿತ್ತು. ಬೆಲ್ಲದ ಪಾಕದ ಗುಳ್ಳೆ ಮೊದಲು ದೊಡ್ಡದಿದ್ದು ಆಮೇಲೆ ಸಣ್ಣದಾಗುವುದು, ಕುದಿಯುವ ಸದ್ದು ತಗ್ಗುವುದು, ವಾಸನೆ ಹಸಿಯಿಂದ ಸುಟ್ಟ ಕಡೆಗೆ ಹೊರಳುವ ಗಳಿಗೆ, ನೀರಲ್ಲಿ ಬಿಟ್ಟ ಹನಿ ಬೆರಳಿಗೆ ಉಂಡೆಯಾಗಿ ಸಿಗುವುದು. ಇನ್ನೊಂದೂ ಗೊತ್ತಿತ್ತು. ಆ ಪುಸ್ತಕಗಳು ಸರಿಯಾಗಿ ಆ ಜಾಗಕ್ಕೆ ಬಂದು ಸುಮ್ಮನಾಗುವುದು ಯಾಕೆಂದರೆ, ಓದುವವಳ ಪಕ್ಕದಲ್ಲಿ ಅವ್ವನೋ ಅತ್ತೆಯೋ ಇರುತ್ತಾಳೆ, ಉಳಿದದ್ದನ್ನು ಆಕೆ ಹೇಳುತ್ತಾಳೆ ಎಂಬ ನಂಬಿಕೆಯಿಂದ. ಗಂಡನ ನೌಕರಿಯ ಹಿಂದೆ ಪರಊರಿಗೆ ಹೋಗಿ ಒಬ್ಬಳೇ ಒಲೆ ಹಚ್ಚಿದ ಹುಡುಗಿಯರು ಹೆಚ್ಚಾದ ಮೇಲೆ ಬಂದ ಪುಸ್ತಕಗಳಲ್ಲಿ ಆ ಮೌನ ಕಡಿಮೆಯಾಗುತ್ತ ಬಂದಿದೆ. ಅಡುಗೆ ಪುಸ್ತಕದ ಇತಿಹಾಸವೆಂದರೆ ಅದೇ. ಆ ಸಭೆಯಲ್ಲಿ ಅದನ್ನು ಬಲ್ಲವಳು ಬಹುಶಃ ನಾನೊಬ್ಬಳೇ ಇದ್ದೆ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ ಇಟ್ಟುಕೊಂಡು. ಗೊತ್ತಿಲ್ಲ ಎಂದದ್ದಕ್ಕೆ ಅವರಿಗೆ ಚಪ್ಪಾಳೆ ಬಿತ್ತು. ಗೊತ್ತಿದ್ದದ್ದಕ್ಕೆ ನನ್ನನ್ನು ಛಂದಸ್ಸಿಗೆ ಕಳಿಸಿದ್ದರು.

ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ ಹೊಸ ಡಾಕ್ಟರು ಹಿಂದೆ ತಿರುಗಿ, "ಅಕ್ಕೋರ, ಹದಾ ಅಂದ್ರೇನ್ರಿ ಖರೇನ? ನಿಮಗ ಗೊತ್ತಿರಬೇಕು" ಎಂದರು.

"ಡಾಕ್ಟರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತಿರ್ತೈತ್ರಿ" ಎಂದು ಕಿಟಕಿಯ ಕಡೆ ಮುಖ ಮಾಡಿದೆ.

ಅವರು ಡಾಕ್ಟರಾದರೂ ಡ್ರಾಯಿಂಗ್ ಮಾಸ್ತರಿಕೆ ತಪ್ಪಲಿಲ್ಲ. "ಡಾಕ್ಟರ್ ಸಾಹೇಬ್ರ, ಟ್ರಂಕಿನ ಮ್ಯಾಲೆ ಮಗಳ ಹೆಸರು ಬರದ ಕೊಡ್ರಿ" ಎಂದು ಊರವರು ಬರುತ್ತಿದ್ದರು, ಇವರು ಬರೆದು ಕೊಡುತ್ತಿದ್ದರು, ಪಕ್ಕದಲ್ಲಿ ಒಂದು ಹೂವನ್ನೂ ಸೇರಿಸಿ. ಮುಂದೆ ಶಿಗ್ಗಾಂವಿಗೆ ವರ್ಗವಾಯಿತು, ಸವಣೂರು ಹತ್ತಿರವಾಯಿತು, ದಿನಾ ಮನೆಯಿಂದಲೇ ಓಡಾಡತೊಡಗಿದರು. ಖಾನಾವಳಿಯ ಋಣ ತೀರಿತು.

ಅವರಿಗೆ ಹೇಳದೆ ಬಚ್ಚಿಟ್ಟುಕೊಂಡದ್ದನ್ನು ನಾನು ಬರೆಯತೊಡಗಿದೆ. ಗೈಡಿಲ್ಲ, ಪದವಿಯಿಲ್ಲ, ಕೇಳುವವರಿಲ್ಲ. ಮಕ್ಕಳು ದೊಡ್ಡವರಾಗಿದ್ದರು. ಅತ್ತೆಗೆ ಕಣ್ಣು ಮಂಜಾಗಿದ್ದರೂ ಮೂಗು, ಕಿವಿ ಚುರುಕಾಗಿದ್ದವು. ಒಲೆಯ ಮುಂದೆ ಅವರ ಪಕ್ಕ ಕೂತು, "ಈಗ ಇಳಸಬೇಕು ಅಂತ ನಿಮಗ ಹೆಂಗ ಗೊತ್ತಾತ್ರಿ?" ಎಂದು ಕೇಳುತ್ತ ಹೋದೆ. "ಈಗ ಬುದ್ಧಿ ಬಂತೇನವಾ?" ಎಂದು ಗೊಣಗಿದರು, ಆದರೆ ಹೇಳಿದರು. ಪುಸ್ತಕಗಳು ಬಾಯಿ ಮುಚ್ಚಿದ ಜಾಗಗಳನ್ನೆಲ್ಲ ಆರಿಸಿ, ಅಲ್ಲಿ ಹೆಂಗಸರು ಏನು ನೋಡುತ್ತಾರೆ, ಏನು ಕೇಳುತ್ತಾರೆ, ಏನು ಮೂಸುತ್ತಾರೆ ಎಂದು ಬರೆದೆ. ನಾಲ್ಕೈದು ವರ್ಷದಲ್ಲಿ ತೆಳ್ಳನೆಯ ಒಂದು ಪುಸ್ತಕವಾಯಿತು. ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಯಿತು.

ಮೊದಲ ಪ್ರತಿಯನ್ನೇ ಅವರಿಗೆ ಕಳಿಸಿದೆ. ಅವರ ಸ್ವಭಾವ ನನಗೆ ಗೊತ್ತಿತ್ತು. ಹಾರ್ಮೋನಿಯಂ ಹಾಗೆ ಕಾಣುವ ಎಮ್ಮೆ ಬರೆದ ಹುಡುಗನಿಗೂ "ಭಾಳ ಚಂದ" ಎನ್ನುವವರು, ಖಾನಾವಳಿಯ ನೀರು ಸಾರಿಗೂ "ಭಾಳ ಚಂದ" ಎನ್ನುವವರು. ಹೊಗಳಿಕೆಯಲ್ಲಿ ಜಿಪುಣತನ ಅವರಿಗೆ ಗೊತ್ತೇ ಇರಲಿಲ್ಲ. ನನಗೂ ಒಂದು "ಭಾಳ ಚಂದ" ಬರುತ್ತದೆ ಎಂದು ಕಾದೆ. ದಿನಾ ಟಪಾಲಿನವನನ್ನು ನೋಡಿದೆ. ಏನೂ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಸಿಕ್ಕರು.

"ನಿಮ್ಮ ಪುಸ್ತಕ ಬಂತ್ರಿ" ಎಂದರು.

"ಓದಿದ್ರೇನ್ರಿ?"

"ಮುಖಪುಟದ ಅಕ್ಷರ ಇನ್ನೊಂದೀಟು ದಪ್ಪ ಇರಬೇಕಾಗಿತ್ತು."

"ಮತ್ತ ಒಳಗ?"

"ನಮ್ಮ ಬಸ್ ಬಂತ್ರಿ ಅಕ್ಕೋರ, ಬರ್ತೇನಿ."

ಸವಣೂರಿಗೆ ಹೋಗಬೇಕಾದವರು ರಾಣೆಬೆನ್ನೂರಿನ ಬಸ್ಸು ಹತ್ತಿದರು. ನನ್ನಿಂದ ತಪ್ಪಿಸಿಕೊಳ್ಳಲು ಯಾವ ಬಸ್ಸಾದರೂ ಸರಿ ಎನ್ನುವಷ್ಟು ನನ್ನ ಪುಸ್ತಕ ಕೆಟ್ಟದಾಗಿದೆಯೇ ಎಂದುಕೊಂಡೆ. ಅಂದಿನಿಂದ ಆ ಪುಸ್ತಕವನ್ನು ಯಾರಿಗೂ ಕೊಡಲಿಲ್ಲ. ಉಳಿದ ಪ್ರತಿಗಳನ್ನು ಕಪಾಟಿನ ಕೆಳಗಿನ ಅರೆಯಲ್ಲಿ ತುಂಬಿ ಬಾಗಿಲು ಹಾಕಿದೆ. ಎಮ್ಮೆಗೂ ಸಿಕ್ಕ ಮಾತು ನನಗೆ ಸಿಗಲಿಲ್ಲವಲ್ಲ ಎಂಬ ಸಂಕಟ ಎಷ್ಟಿತ್ತೆಂದರೆ, ಅವರಿಗೆ ಎದೆಬೇನೆ ಬಂದು ದವಾಖಾನೆಯಲ್ಲಿದ್ದಾರೆ ಎಂದು ಕೇಳಿದಾಗಲೂ ನೋಡಲು ಹೋಗಲಿಲ್ಲ. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗಲೇ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿಯನ್ನು ಮಾತಾಡಿಸಿಕೊಂಡು ಬರಲು ಸವಣೂರಿಗೆ ಹೋದೆ. ಆಕೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗಟ್ಟಿ ಹೆಣ್ಣುಮಗಳು, ನೆಟ್ಟಗೆ ನೋಡಿ ಮಾತಾಡುವವರು. ಹೆಸರು ಹೇಳಿದೆ. ನೀರು ಕೊಟ್ಟು ಎದುರಿಗೆ ಕೂತರು.

"ಹಂಗಾರ ಹಿರೇಕೆರೂರಿನ ಅಕ್ಕೋರು ನೀವೇ ಏನ್ರಿ? ಆ ಹದದ ಪುಸ್ತಕದವ್ರು?"

"ಹೌದ್ರಿ."

"ಮನಸಿಗೆ ಹಚ್ಕೋಬ್ಯಾಡ್ರಿ, ಆದ್ರ ನಿಮ್ಮ ಪುಸ್ತಕ ನಮ್ಮ ಮನಿ ನೆಮ್ಮದಿ ಕೆಡಿಸಿತ್ತ್ರಿ. ಅದು ಬಂದ ದಿನದಿಂದ ಮಾತಿಲ್ಲ ಕತಿಯಿಲ್ಲ. ಉಣ್ಣಾಕ ಕರದ್ರ ಸಿಟ್ಟು. ಓದೂದು, ಮುಚ್ಚಿ ಒಗಿಯೂದು, ಮತ್ತ ತಗದು ಓದೂದು. ಏನಾಗೈತ್ರಿ ಅಂತ ಕೇಳಿದ್ರ, 'ಇದನ್ನ ನಾ ಬರೀಬೇಕಾಗಿತ್ತು. ಆಕಿ ಬರದಬಿಟ್ಲು. ನಂದು ಬರೇ ಚಿತ್ರಾ ಆತು, ಜೀವಾ ಆಕಿ ಪುಸ್ತಕದಾಗ ಐತಿ' ಅಂತಿದ್ರು. ಒಂದಿನಂತೂ ಬೆಲ್ಲಾ ತಂದು ತಾವ ಪಾಕಾ ಕಾಸಾಕ ನಿಂತ್ರು. ಹುಟ್ಟಾ ಒಲಿ ಹಚ್ಚದ ಮನಷ್ಯಾ! ಭಾಂಡೆ ಸುಟ್ಟು ಕರ್ರಗ ಮಾಡಿ, ಅಡಿಗಿಮನಿಯಾಗ ಕುಂತ ಬಿಟ್ರು. ದೇವ್ರಂಥಾ ಮನಷ್ಯಾ ಇದ್ರು ಅಂತ ಬಂದವ್ರೆಲ್ಲಾ ಹೇಳಿ ಹೋಗಾಕತ್ತಾರ, ನಾನೂ ಹೂಂ ಅನ್ನಾಕತ್ತೇನಿ. ಆದ್ರ ನಿಮ್ಮೊಬ್ಬರ ಮ್ಯಾಲೆ ಅವ್ರಿಗೆ ಭಾಳ ಹೊಟ್ಟಿಕಿಚ್ಚಿತ್ತ್ರಿ."

ಅವರು ನನ್ನನ್ನು ಎದುರಿಗೆ ಎಂದೂ "ನೀವು" ಎನ್ನದೆ ಕರೆದವರಲ್ಲ. ಮನೆಯಲ್ಲಿ ನಾನು "ಆಕಿ" ಆಗಿದ್ದೆ. ಸಾವಿನ ಮನೆಗೆಂದು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ಅಲ್ಲಿಯವರೆಗೆ ಒಂದು ಹನಿಯೂ ಬಾರದಿದ್ದ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯತೊಡಗಿತು.

ಆಕೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. "ಅಯ್ಯ, ನಾ ಹೇಳಬಾರ್ದಿತ್ತು. ಹೋದವ್ರ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ್ರಿ ಅಕ್ಕೋರ."

"ಸಿಟ್ಟಲ್ರೀ" ಎಂದೆ. "ಇನ್ನೊಮ್ಮೆ ಹೇಳ್ರಿ. ಏನಂದ್ರು ಅವರು? ಮೊದಲಿಂದ ಹೇಳ್ರಿ."